ಕಟಕಟ ಸದ್ದಿಗೆ ನಾನು ಕೊಟ್ಟ 11 ಸಾವಿರ

ಎರಡು ತಿಂಗಳು ನನ್ನ ಕಾರಿನ ಮುಂದಿನ ಎಡಗಡೆ ಗಾಲಿಯಿಂದ ಒಂದು ಸದ್ದು ಬರುತ್ತಿತ್ತು. ಚಮಚದ ಡಬ್ಬಿ ಅಲ್ಲಾಡಿಸಿದ ಹಾಗೆ, ಕಟಕಟ ಕಟಕಟ. ಹೊಸಪೇಟೆ ಹೆದ್ದಾರಿಯಲ್ಲಿ 80ರಲ್ಲಿ ಹೋದರೆ ಗಪ್‌ಚುಪ್. ಬಳ್ಳಾರಿ ಊರೊಳಗೆ 20ರಲ್ಲಿ ಕಿತ್ತುಹೋದ ರಸ್ತೆಗೆ ಇಳಿದರೆ ಸಾಕು, ಶುರು. ಮೊದಲ ಹದಿನೈದು ದಿನ ಹಾಡಿನ ವಾಲ್ಯೂಮ್ ಜಾಸ್ತಿ ಮಾಡಿಕೊಂಡು ಓಡಾಡಿದೆ. ಅದು ನನ್ನ ತಪ್ಪು, ಒಪ್ಪುತ್ತೇನೆ. ಗಾಲಿಯ ನಟ್ ಸಡಿಲ ಆದರೂ ಸದ್ದು ಬರುತ್ತದೆ. ಏನೂ ಮಾಡದಿದ್ದರೂ ಪಾನಾ ಹಾಕಿ ಅದನ್ನಾದರೂ ಅವತ್ತೇ ನೋಡಬೇಕಿತ್ತು.

ಆಮೇಲೆ ಗ್ಯಾರೇಜಿಗೆ ಹೋದೆ. ಹೆಸರು ಬೇಡ. ಹುಡುಗ ಕಾರಿನ ಮೂತಿಯನ್ನು ಎರಡು ಸಲ ಅದುಮಿ, "ಲಿಂಕ್ ರಾಡ್ ಹೋಗ್ಯಾವ್ರಿ ಸರ್" ಅಂದ. ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸರಳನ್ನು ಸಸ್ಪೆನ್ಷನ್ನಿಗೆ ಜೋಡಿಸುವ ಸಣ್ಣ ಕಡ್ಡಿಗಳವು. ಎರಡೂ ಬದಲಾಯಿಸಿದರು. ಸದ್ದು ಹಾಗೇ ಇತ್ತು. ವಾರದ ಮೇಲೆ ಮತ್ತೆ ಹೋದಾಗ ಸ್ಟ್ರಟ್ ಮೌಂಟಿಂಗ್ ಅಂದರು, ಅಂದರೆ ಮುಂದಿನ ಶಾಕ್ ಅಬ್ಸಾರ್ಬರಿನ ಮೇಲ್ತುದಿಯನ್ನು ಬಾಡಿಗೆ ಜೋಡಿಸುವ ಭಾಗ. ಅದನ್ನೂ ಹಾಕಿಸಿದೆ. ಒಟ್ಟು 11 ಸಾವಿರ ಹೋಯಿತು, ಕಟಕಟ ಮಾತ್ರ ಹೋಗಲಿಲ್ಲ. ನನಗೆ ಸಿಟ್ಟು ಬಂದದ್ದು ದುಡ್ಡಿಗಲ್ಲ. ಎರಡೂ ಸಲ ಒಬ್ಬರೂ ಕಾರು ಓಡಿಸಿ ಆ ಸದ್ದು ಕೇಳಲಿಲ್ಲ! ನಾಡಿ ಹಿಡಿಯದೆ ಮದ್ದು ಕೊಟ್ಟ ಹಾಗೆ, ಅಲ್ವಾ?

ಕೊನೆಗೆ ಗೆಳೆಯ ಕೌಲ್ ಬಜಾರಿನ ಒಬ್ಬ ಹಳೇ ಮೇಸ್ತ್ರಿ ಹತ್ತಿರ ಕರೆದುಕೊಂಡು ಹೋದ. ಅವರು ಬಾನೆಟ್ ತೆಗೆಯಲೇ ಇಲ್ಲ. ಪಕ್ಕದ ಸೀಟಿನಲ್ಲಿ ಕೂತು ಪ್ರಶ್ನೆ ಶುರು ಮಾಡಿದರು. ತಿರುಗಿಸಿದಾಗ ಬರ್ತೈತೋ, ನೆಟ್ಟಗೆ ಹೋಗುವಾಗಲೋ? ವೇಗ ಹೆಚ್ಚಿದ ಹಾಗೆ ಸದ್ದೂ ಏರ್ತೈತೇನು? ಕಿತ್ತ ರಸ್ತೆ ಬಂತು, ಕಟಕಟ ಎದ್ದಿತು. "ಈಗ ಬ್ರೇಕ್ ಮೇಲೆ ಸುಮ್ನೆ ಕಾಲಿಡ್ರಿ, ಒತ್ತಬ್ಯಾಡ್ರಿ" ಅಂದರು. ಇಟ್ಟೆ. ಸದ್ದು ನಿಂತಿತು. ಕಾಲು ತೆಗೆದೆ, ಮತ್ತೆ ಬಂತು. "ಆತು, ತಿರುಗಿಸ್ರಿ ಗಾಡಿ" ಅಂದರು.

ಬ್ರೇಕ್ ಒತ್ತಿದಾಗ ಪ್ಯಾಡುಗಳು ಗಾಲಿಯ ಜೊತೆ ತಿರುಗುವ ಡಿಸ್ಕನ್ನು ಅದುಮುತ್ತವೆ, ಅವನ್ನು ಒತ್ತುವ ಕ್ಯಾಲಿಪರೂ ಬಿಗಿಯಾಗುತ್ತದೆ. ಬಿಟ್ಟಾಗ ಸಡಿಲವಿದ್ದರೆ ಕುಣಿಯುತ್ತವೆ. ಗಾಲಿ ಬಿಚ್ಚಿ ನೋಡಿದರೆ ಪ್ಯಾಡನ್ನು ಹಿಡಿದಿಡುವ ಸಣ್ಣ ತಗಡಿನ ಕ್ಲಿಪ್ಪೇ ಇರಲಿಲ್ಲ. ಹಿಂದಿನ ಸಲ ಪ್ಯಾಡ್ ಬದಲಾಯಿಸಿದವರು ವಾಪಸ್ ಹಾಕಿರಲಿಲ್ಲ ಅಂತ ಕಾಣುತ್ತದೆ. ಜೊತೆಗೆ ಕ್ಯಾಲಿಪರ್ ಜಾರುವ ಪಿನ್ನಿನ ಗ್ರೀಸ್ ಒಣಗಿ, ಕೆಂಧೂಳು ಮೆತ್ತಿಕೊಂಡಿತ್ತು. ನಮ್ಮ ಕಡೆ ಅದಿರು ಲಾರಿಗಳ ಹಿಂದೆ ಓಡುವ ಕಾರಿಗೆ ಇದು ತಪ್ಪಿದ್ದಲ್ಲ. ಕ್ಲಿಪ್, ಗ್ರೀಸ್, ಕೂಲಿ ಎಲ್ಲ ಸೇರಿ 600 ರೂಪಾಯಿ.

ಮೇಸ್ತ್ರಿ ಕೈ ತೊಳೆಯುತ್ತಾ ಹೇಳಿದ್ದನ್ನು ಇಲ್ಲಿ ಬರೆದಿಡುತ್ತೇನೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಕೊಟ್ಟಾಗ ಟಕಟಕ ಅಂದರೆ ಗಾಲಿಗೆ ಎಂಜಿನ್ನಿನ ಶಕ್ತಿ ಮುಟ್ಟಿಸುವ ಆಕ್ಸಲ್ ಜಾಯಿಂಟ್ ನೋಡಬೇಕು. ಹೆಚ್ಚಾಗಿ ಅದರ ರಬ್ಬರ್ ಬೂಟ್ (ಗ್ರೀಸ್ ಕಾಯುವ ಕವಚ) ಹರಿದು ಗಾಲಿಯ ಒಳಗಡೆ ಗ್ರೀಸ್ ಸಿಡಿದಿರುತ್ತದೆ. ಗೂಂ ಅನ್ನುವ ಸದ್ದು ವೇಗದ ಜೊತೆ ಏರುತ್ತಿದ್ದರೆ ಬೇರಿಂಗ್ ಮೇಲೆ ಅನುಮಾನ. ಆಗ ಖಾಲಿ ರಸ್ತೆಯಲ್ಲಿ ಸ್ಟೀರಿಂಗನ್ನು ನಿಧಾನಕ್ಕೆ ಎಡಕ್ಕೆ ತಿರುಗಿಸಬೇಕು. ಭಾರ ಬಲಗಡೆ ಗಾಲಿಗೆ ಬೀಳುತ್ತದೆ. ಸದ್ದು ಜೋರಾದರೆ ಹೆಚ್ಚಾಗಿ ಬಲಗಡೆಯದೇ. ಆದರೆ ಟೈರ್ ಏರಿಳಿತವಾಗಿ ಸವೆದಿದ್ದರೂ ಇದೇ ಗೂಂ ಬರುತ್ತದೆ. ಅದಕ್ಕೇ ಬೇರಿಂಗ್ ಬದಲಾಯಿಸುವ ಮೊದಲು ಮುಂದಿನ ಟೈರ್ ಹಿಂದೆ ಹಾಕಿ ಓಡಿಸಿ ನೋಡಬೇಕು. ಸದ್ದೂ ಹಿಂದೆ ಹೋದರೆ ಬೇರಿಂಗ್ ಖರ್ಚು ಉಳಿಯಿತು. ಮತ್ತೆ, ಕರಕರ ಅಂತ ಏನೋ ಉಜ್ಜಿದ ಹಾಗಿದ್ದರೆ ಗಾಬರಿ ಬೇಡ, ಆದರೆ ನೋಡಿಸದೆ ಬಿಡಬಾರದು. ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಒಂದು ಜಲ್ಲಿಕಲ್ಲು ಸಿಕ್ಕಿಕೊಂಡಿರಬಹುದು. ಮನೆಯಲ್ಲಿ ನೋಡುವವರು ಬರೀ ಜಾಕ್ ನಂಬಿ ಕಾರಿನ ಕೆಳಗೆ ತಲೆ ಹಾಕಬೇಡಿ.

ಗ್ಯಾರೇಜಿನವರನ್ನೇ ಬೈದರೂ ನ್ಯಾಯವಲ್ಲ. ನಾವು ಕೀ ಎಸೆದು "ಸಂಜೀಗೆ ಬೇಕು" ಅಂತ ಹೇಳಿ ಹೋಗುತ್ತೇವೆ. ಸಾಮಾನಿಗೆ ಬಿಲ್ ಕೊಡುತ್ತೇವೆ, ಅರ್ಧ ಗಂಟೆ ಸದ್ದು ಕೇಳಿದವನಿಗೆ ಕೂಲಿ ಯಾರು ಕೊಡುತ್ತಾರೆ? ಹಾಗಿದ್ದ ಮೇಲೆ ಅವರು ಸಾಮಾನು ಬದಲಾಯಿಸದೆ ಇನ್ನೇನು ಮಾಡಬೇಕು? ನಾನಂತೂ ಇನ್ನು ಮೇಲೆ ಜೊತೆಗೆ ಕೂರಿಸಿಕೊಂಡು ಒಂದು ರೌಂಡ್ ಹೊಡೆಯದೆ ಕೀ ಕೊಡುವುದಿಲ್ಲ. ಅದಕ್ಕೆ ಬೇರೆ ದುಡ್ಡು ಕೇಳಿದರೂ ಕೊಡುತ್ತೇನೆ.

ಬಿಚ್ಚಿದ ಹಳೇ ಲಿಂಕ್ ರಾಡುಗಳನ್ನು ಆ ದಿನ ಕೇಳಿ ತಂದಿದ್ದೆ. ಮೇಸ್ತ್ರಿ ಕೈಯಲ್ಲಿ ಹಿಡಿದು ಅಲ್ಲಾಡಿಸಿ, "ಇವಕ್ಕೇನಾಗಿತ್ರಿ?" ಅಂತ ನಕ್ಕರು. ಇನ್ನೂ ಡಿಕ್ಕಿಯಲ್ಲೇ ಇವೆ. ಗುಂಡಿ ಬಂದಾಗಲೆಲ್ಲ ಈಗ ಅವೇ ಕಟಕಟ ಅನ್ನುತ್ತವೆ.