ಎಡಕ್ಕೆ ನೋಡಿ, ಬಲಕ್ಕೆ ನೋಡಿ

ದೇಶ ಸುತ್ತು, ಇಲ್ಲವೇ ಕೋಶ ಓದು ಎಂದು ಗಾದೆ ಕಟ್ಟಿದವರ ಕಾಲಕ್ಕೆ ಟೂರ್ ಬಸ್ಸು ಬಂದಿರಲಿಲ್ಲ. ಬಂದಿದ್ದರೆ ಆ 'ಇಲ್ಲವೇ' ಬೇಕಾಗುತ್ತಿರಲಿಲ್ಲ. ಇಲ್ಲಿ ಎರಡೂ ಒಟ್ಟಿಗೇ ನಡೆಯುತ್ತವೆ. ನಾವು ಕೂತಲ್ಲೇ ಕೂತು ಸುತ್ತುತ್ತಿರುತ್ತೇವೆ, ಕೋಶವನ್ನು ಇನ್ಯಾರೋ ಮೈಕ್ ಹಿಡಿದು ಓದಿ ಹೇಳುತ್ತಿರುತ್ತಾರೆ. ನಡೆಯುವ ಶ್ರಮವೂ ಇಲ್ಲ, ಓದುವ ಶ್ರಮವೂ ಇಲ್ಲ. ಶುದ್ಧ ಸೋಮಾರಿತನಕ್ಕೆ ಜ್ಞಾನಾರ್ಜನೆ ಎಂಬ ಮರ್ಯಾದೆಯ ಹೆಸರು ತಂದುಕೊಡುವ ಇಂಥ ವ್ಯವಸ್ಥೆ ಇನ್ನೊಂದಿದ್ದರೆ ನನಗೂ ತಿಳಿಸಿ.

ಹಳೆಯ ಊರುಗಳಿಗೆ ಹೋದಾಗಲೆಲ್ಲ ನಾನು ಮೊದಲು ಈ ಬಸ್ಸು ಹತ್ತುತ್ತೇನೆ. ಜೊತೆಗೆ ಬಂದವರು ಮೂಗು ಮುರಿಯುತ್ತಾರೆ. ಊರು ನೋಡುವುದೆಂದರೆ ಗಲ್ಲಿಗಲ್ಲಿ ನಡೆಯಬೇಕು, ದಾರಿ ತಪ್ಪಬೇಕು, ಸ್ಥಳೀಯರ ಜೊತೆ ಹರಟಬೇಕು ಎಂಬುದು ಅವರ ಸಿದ್ಧಾಂತ. ಸಿದ್ಧಾಂತ ಸರಿಯಾಗಿಯೇ ಇದೆ. ಆದರೆ ಸಂಜೆ ಅವರು ಬೂಟು ಕಳಚಿ ಹಿಮ್ಮಡಿ ಒತ್ತಿಕೊಳ್ಳುತ್ತಾ ಕೂತಾಗ ನದಿ ಯಾವ ಕಡೆಗಿದೆ, ಕೋಟೆಗೂ ರೈಲ್ವೆ ಸ್ಟೇಷನ್ನಿಗೂ ಎಷ್ಟು ದೂರ, ಹಳೇ ಪೇಟೆ ಎಲ್ಲಿ ಮುಗಿದು ಹೊಸ ಬಡಾವಣೆ ಎಲ್ಲಿ ಶುರುವಾಗುತ್ತದೆ ಎಂದು ಹೇಳಬಲ್ಲವನು ಬಸ್ಸಿನಲ್ಲಿ ಕೂತು ಬಂದವನೇ.

ಕೂರುವುದಕ್ಕೂ ಒಂದು ವಿದ್ಯೆ ಬೇಕು. ಅನುಭವಸ್ಥರು ಬಸ್ಸಿನ ಹತ್ತಿರ ಬರುತ್ತಿದ್ದಂತೆಯೇ ತಲೆ ಎತ್ತಿ ಸೂರ್ಯನನ್ನು ನೋಡಿಕೊಳ್ಳುತ್ತಾರೆ, ಆಮೇಲೆ ಬಿಸಿಲು ಬೀಳದ ಕಡೆಗೆ ಹೋಗಿ ಕೂರುತ್ತಾರೆ. ಊರಿನ ರಸ್ತೆಗಳು ಸೂರ್ಯನ ಮಾತು ಕೇಳುವುದಿಲ್ಲವಾದ್ದರಿಂದ ಮೂರನೆಯ ತಿರುವಿನಲ್ಲೇ ಬಿಸಿಲು ಅವರ ಮಡಿಲಿಗೆ ಬರುತ್ತದೆ. ಮೇಲೆ ಸೂರಿಲ್ಲದ ಡಬಲ್ ಡೆಕ್ಕರ್ ಆದರೆ ಮುಂದಿನ ಸಾಲಿಗೆ ನೂಕುನುಗ್ಗಲು. ಹಾಗೆ ಗೆದ್ದುಕೊಂಡ ಮುಂದಿನ ಸಾಲಿಗೇ ಮರದ ಕೊಂಬೆಗಳೂ ಮೊದಲು ಬರುತ್ತವೆ. "ತಲೆ ತಗ್ಗಿಸಿ" ಎಂದು ಗೈಡು ಕೂಗಿದರೆ ಎಲ್ಲರೂ ತಗ್ಗಿಸುತ್ತಾರೆ, ಗಂಡಹೆಂಡತಿ ಜಗಳದಲ್ಲಿ ಮುಳುಗಿದ ಒಂದು ಜೋಡಿ ಬಿಟ್ಟು.

ಇನ್ನು ಎಡಬಲದ ಸಮಸ್ಯೆ. ಗೈಡು ನಮ್ಮ ಕಡೆ ಮುಖ ಮಾಡಿ ನಿಂತಿರುತ್ತಾನೆ. ಅವನ ಬಲ ನಮಗೆ ಎಡ. ಪಳಗಿದವನು ಇದನ್ನು ತಲೆಯೊಳಗೇ ತಿರುವಿ ನಮಗೆ ಸರಿಯಾದದ್ದನ್ನು ಕೊಡುತ್ತಾನೆ. ಹೊಸಬನ ಬಾಯಿ ಒಂದು ಕಡೆ ಹೇಳಿದರೆ ಕೈ ಇನ್ನೊಂದು ಕಡೆ ತೋರಿಸುತ್ತದೆ. ಅರ್ಧ ಬಸ್ಸು ಬಾಯನ್ನು ನಂಬುತ್ತದೆ, ಅರ್ಧ ಕೈಯನ್ನು. ಒಂದು ಕಡೆಯವರು ಎದ್ದು ಇನ್ನೊಂದು ಕಡೆಯವರ ಮೇಲೆ ಬಗ್ಗಿ, ಫೋನು ಚಾಚಿ, ಗುರಿ ಹಿಡಿಯುವಷ್ಟರಲ್ಲಿ ಬಸ್ಸು ತಿರುಗಿರುತ್ತದೆ. ಆದ್ದರಿಂದಲೇ ಟೂರ್ ಬಸ್ಸಿನಿಂದ ತೆಗೆದ ಫೋಟೋಗಳಲ್ಲಿ ಅರ್ಧ ಕಮಾನು ಇರುತ್ತದೆ, ಉಳಿದರ್ಧದಲ್ಲಿ ಪರಿಚಯವಿಲ್ಲದ ಒಬ್ಬರ ಹಿಂದಲೆ.

ಗೈಡ್ ಇಲ್ಲದ ಬಸ್ಸುಗಳೂ ಇವೆ. ಕಿವಿಗೆ ಒಂದು ಹೆಡ್‌ಫೋನ್ ಕೊಡುತ್ತಾರೆ, ಗುಂಡಿ ಒತ್ತಿ ಭಾಷೆ ಆರಿಸಿಕೊಳ್ಳಬೇಕು. ಹೇಳುವುದು ಮುಗಿದು ಬಸ್ಸು ಇನ್ನೂ ಟ್ರಾಫಿಕ್‌ನಲ್ಲೇ ನಿಂತಿದ್ದರೆ ಪಿಟೀಲು ಶುರುವಾಗುತ್ತದೆ. ಅದೇ ನಾಲ್ಕು ಸಾಲು, ಮತ್ತೆ ಅದೇ ನಾಲ್ಕು ಸಾಲು. ಒಂದು ಸಾಮ್ರಾಜ್ಯದ ಪತನದ ಕತೆ ಎರಡು ನಿಮಿಷದಲ್ಲಿ ಮುಗಿದು, ಅದರ ಬೆನ್ನಿಗೆ ಹತ್ತು ನಿಮಿಷ ಪಿಟೀಲು ಕೇಳಿದ ಮೇಲೆ ನನಗೆ ಮನುಷ್ಯ ಗೈಡೇ ವಾಸಿ ಅನ್ನಿಸಿತು. ಎಡಬಲ ತಪ್ಪಿದರೂ ಚಿಂತೆಯಿಲ್ಲ, ಸಿಗ್ನಲ್‌ನಲ್ಲಿ ಬಸ್ಸು ನಿಂತಾಗ ಅವನು ಕತೆಯನ್ನು ಎಳೆಯಬಲ್ಲ. ರಾಜನಿಗೆ ಇನ್ನೊಬ್ಬ ರಾಣಿಯನ್ನು ತರಬಲ್ಲ.

ಬಸ್ಸಿಗೂ ಹಳೆಯ ಕೇರಿಗಳಿಗೂ ಮೂಲದಲ್ಲೇ ಒಂದು ಹೊಂದಾಣಿಕೆಯಿಲ್ಲ. ಟೂರ್ ಬಸ್ಸೆಂದರೆ ಸುಮಾರು 2.5 ಮೀಟರ್ ಅಗಲ, 12 ಮೀಟರ್ ಉದ್ದ. ಹಳೆಯ ಓಣಿಗಳು ಹೊರೆ ಹೊತ್ತ ಕತ್ತೆಯೊಂದು, ಎದುರಿಗೆ ಬಂದ ಮನುಷ್ಯನೊಬ್ಬ, ಇಬ್ಬರೂ ಪಕ್ಕಕ್ಕೆ ಸರಿದು ಹೋಗುವಷ್ಟು ಅಗಲದವು. ಹಾಗಾಗಿ ಬಸ್ಸು ಕೇರಿಯ ಸುತ್ತ ಪ್ರದಕ್ಷಿಣೆ ಹಾಕುತ್ತದೆ, ಗರ್ಭಗುಡಿಯೊಳಕ್ಕೆ ಪ್ರವೇಶವಿಲ್ಲ. ಎಲ್ಲಾದರೂ ಹಳೇ ಊರಿನ ನಟ್ಟನಡುವೆ ಬಸ್ಸು ಸರಾಗವಾಗಿ ಓಡುತ್ತಿದೆ ಎಂದರೆ ಅನುಮಾನ ಪಡಬೇಕು. ಅಲ್ಲಿ ಯಾರೋ ಏನನ್ನೋ ಕೆಡವಿರುತ್ತಾರೆ.

ರೋಮ್ ನಗರದಲ್ಲಿ ಕೊಲೊಸಿಯಮ್ ಎಂಬ ಪ್ರಾಚೀನ ಕ್ರೀಡಾಂಗಣದ ಕಡೆಗೆ ನೇರವಾಗಿ ಹೋಗುವ ಅಗಲ ರಸ್ತೆಯಿದೆ, ವಿಯಾ ದೇಯಿ ಫೋರಿ ಇಂಪೀರಿಯಾಲಿ. ಎರಡೂ ಬದಿಗೆ ಪ್ರಾಚೀನ ರೋಮಿನ ಅವಶೇಷಗಳು. ಇಂಥ ದಾರಿಯಲ್ಲಿ ಸೀಸರ್ ಬಂದಿರಬೇಕು ಅನ್ನಿಸುವುದು ಸಹಜ. ಆದರೆ ಅದು 1932ರಲ್ಲಿ ಮುಸೊಲಿನಿ ತನ್ನ ಮೆರವಣಿಗೆಗಳಿಗಾಗಿ ಮಾಡಿಸಿದ ರಸ್ತೆ. ಅದಕ್ಕಾಗಿ ಅಲೆಸ್ಸಾಂದ್ರಿನೊ ಎಂಬ ಇಡೀ ಕೇರಿಯನ್ನು ನೆಲಸಮ ಮಾಡಿದರು, ಅಲ್ಲಿದ್ದವರನ್ನು ಊರಾಚೆ ಸಾಗಿಸಿದರು. ಸಂತ ಪೀಟರ್ ಚರ್ಚಿನ ಎದುರಿಗಿರುವ ರಾಜಬೀದಿಯ ಕತೆಯೂ ಅಂಥದ್ದೇ. ಅಲ್ಲಿ ಹಿಂದೆ ಒತ್ತೊತ್ತಾದ ಮನೆಗಳ ಸಾಲಿತ್ತು. ಜನ ಕತ್ತಲೆಯ ಓಣಿಗಳಲ್ಲಿ ಬಂದು ಬಂದು, ತಟ್ಟನೆ ಬೆರ್ನಿನಿ ಎಂಬ ಶಿಲ್ಪಿ ಕಟ್ಟಿದ ವಿಶಾಲ ಚೌಕಕ್ಕೆ ಕಾಲಿಟ್ಟು ಬಿಟ್ಟ ಕಣ್ಣು ಬಿಟ್ಟಂತೆ ನಿಲ್ಲುತ್ತಿದ್ದರು. 1936ರಲ್ಲಿ ಮನೆಗಳನ್ನು ಕೆಡವಲು ಶುರು ಮಾಡಿ 1950ರ ಹೊತ್ತಿಗೆ ರಸ್ತೆ ಮುಗಿಸಿದರು. ಈಗ ಚರ್ಚು ದೂರದಿಂದಲೇ ಕಾಣುತ್ತದೆ. ಬಸ್ಸಿನಲ್ಲಿ ಕೂತವರಿಗೆ ಬಹಳ ಅನುಕೂಲ, ಅಚ್ಚರಿಯ ಗೋಜಿಲ್ಲ. ಪ್ಯಾರಿಸ್ಸಿನಲ್ಲಿ 1853ರಿಂದ ಹಾಸ್ಮನ್ ಎಂಬ ಅಧಿಕಾರಿ ಇಂಥದ್ದನ್ನೇ ಊರಗಲಕ್ಕೆ ಮಾಡಿದ. ಇಂದು ನಾವು "ಆಹಾ ಪ್ಯಾರಿಸ್" ಎಂದು ಬಾಯಿ ತೆರೆಯುವುದು ಹೆಚ್ಚಾಗಿ ಅವನು ಕೆಡವಿ ಬಿಡಿಸಿದ ಬೀದಿಗಳನ್ನು ನೋಡಿ.

ಇದಕ್ಕೆ ತದ್ವಿರುದ್ಧ ಲಂಡನ್. 1666ರಲ್ಲಿ ಪುಡಿಂಗ್ ಲೇನ್ ಎಂಬ ಓಣಿಯ ಬ್ರೆಡ್ ಅಂಗಡಿಯಲ್ಲಿ ಹೊತ್ತಿದ ಬೆಂಕಿ ಹಳೇ ಊರನ್ನು ಬಹುತೇಕ ಸುಟ್ಟುಹಾಕಿತು. ಅದರ ನೆನಪಿಗೆ ಕಟ್ಟಿದ ಕಂಬದ ಎತ್ತರ 202 ಅಡಿ, ಬೆಂಕಿ ಹೊತ್ತಿದ ಜಾಗಕ್ಕೂ ಕಂಬಕ್ಕೂ ಇರುವ ದೂರವೂ 202 ಅಡಿ. ಗೈಡುಗಳಿಗೆ ಪ್ರಾಣಪ್ರಿಯವಾದ ಲೆಕ್ಕವಿದು. ನನಗೆ ಹೆಚ್ಚು ರುಚಿಸಿದ್ದು ಬೆಂಕಿ ಆರಿದ ಮೇಲಿನ ಕತೆ. ಕ್ರಿಸ್ಟೋಫರ್ ರೆನ್ ಎಂಬ ವಾಸ್ತುಶಿಲ್ಪಿ ಕೆಲವೇ ದಿನಗಳಲ್ಲಿ ಅಗಲ ರಸ್ತೆಗಳು, ಚೌಕಗಳು ಇರುವ ಹೊಸ ಊರಿನ ನಕ್ಷೆ ಹಿಡಿದು ದೊರೆಯ ಮುಂದೆ ನಿಂತ. ನಕ್ಷೆ ಬಲು ಚೆಂದ. ಆದರೆ ಮನೆ ಕಳೆದುಕೊಂಡವರಿಗೆ ಬೇಕಾಗಿದ್ದದ್ದು ತಮ್ಮ ಜಾಗದಲ್ಲೇ ತಮ್ಮ ಮನೆ. ಕೆಲವು ರಸ್ತೆಗಳನ್ನು ಅಲ್ಪಸ್ವಲ್ಪ ಅಗಲ ಮಾಡಿದ್ದು ಬಿಟ್ಟರೆ ಊರು ಬಹುಪಾಲು ಹಳೇ ಗೆರೆಗಳ ಮೇಲೆಯೇ ಎದ್ದು ನಿಂತಿತು. ಆ ಭಾಗದಲ್ಲಿ ಬಸ್ಸು ತೆವಳತೊಡಗಿದಾಗ ಎಲ್ಲರೂ ಡ್ರೈವರನನ್ನು ಬೈಯುತ್ತಾರೆ. ಬೈಯಬೇಕಾದ್ದು ಮುನ್ನೂರು ಚಿಲ್ಲರೆ ವರ್ಷಗಳ ಹಿಂದೆ ಜಾಗ ಬಿಟ್ಟುಕೊಡದ ಆ ಹಟಮಾರಿಗಳನ್ನು. ನನಗೇನೋ ಅವರ ಮೇಲೆ ಗೌರವ.

ಹಾಗೆ ತೆವಳುವಾಗಲೇ ಮೇಲಂತಸ್ತಿನ ಸೀಟಿನ ಬೆಲೆ ತಿಳಿಯುವುದು. ನೆಲದ ಮೇಲೆ ನಡೆಯುವವರಿಗೆ ಎಲ್ಲ ಊರಿನಲ್ಲೂ ಒಂದೇ ಬಗೆಯ ಅಂಗಡಿಯ ಗಾಜು, ಒಂದೇ ಬಗೆಯ ಬೋರ್ಡು. ಹಳೆಯ ಊರು ಉಳಿದಿರುವುದು ಅಂಗಡಿಯ ಬೋರ್ಡಿನ ಮೇಲೆ. ಕಟ್ಟಿದ ವರ್ಷ ಕೆತ್ತಿದ ಕಲ್ಲು ಅಲ್ಲಿರುತ್ತದೆ. ಇಂಗ್ಲೆಂಡಿನ ಹಳೆ ಮನೆಗಳಲ್ಲಿ ಇಟ್ಟಿಗೆಯಿಂದ ಮುಚ್ಚಿದ ಕಿಟಕಿಗಳು ಅಲ್ಲಿರುತ್ತವೆ. 1696ರಿಂದ 1851ರವರೆಗೆ ಅಲ್ಲಿ ಕಿಟಕಿಗಳನ್ನು ಎಣಿಸಿ ತೆರಿಗೆ ಹಾಕುತ್ತಿದ್ದರು, ಜನ ಕಿಟಕಿ ಮುಚ್ಚಿ ಕತ್ತಲೆಯಲ್ಲಿ ಕೂತು ದುಡ್ಡು ಉಳಿಸಿದರು. ಹಾಗಂತ ಮುಚ್ಚಿದ ಕಿಟಕಿ ಕಂಡಲ್ಲೆಲ್ಲ ಗೈಡು ತೆರಿಗೆಯ ಕತೆ ಹೇಳಿದರೆ ಪೂರ್ತಿ ನಂಬಬೇಡಿ. ಗೋಡೆಯ ಅಂದ ಸಮನಾಗಿರಲಿ ಎಂದು ಕಟ್ಟುವಾಗಲೇ ಬರೀ ಕಿಟಕಿಯ ಆಕಾರ ಬಿಟ್ಟದ್ದೂ ಉಂಟು. ಆಮ್‌ಸ್ಟರ್‌ಡ್ಯಾಮ್‌ನ ಮನೆಗಳ ನೆತ್ತಿಯಲ್ಲಿ ಕೊಕ್ಕೆ ಹಾಕಿದ ತೊಲೆ ಚಾಚಿಕೊಂಡಿರುತ್ತದೆ. ಒಳಗಿನ ಮೆಟ್ಟಿಲು ಇಕ್ಕಟ್ಟಾದ್ದರಿಂದ ಮಂಚ, ಬೀರು ಎಲ್ಲವನ್ನೂ ಹಗ್ಗ ಕಟ್ಟಿ ಹೊರಗಿನಿಂದಲೇ ಎಳೆದು ಕಿಟಕಿಯಲ್ಲಿ ಒಳಗೆ ತೆಗೆದುಕೊಳ್ಳುತ್ತಾರೆ. ಗೋಡೆಗಳಲ್ಲಿ ಹುದುಗಿಸಿದ ಚಿತ್ರದ ಕಲ್ಲುಗಳು ಬಾಗಿಲ ನಂಬರು ಬರುವುದಕ್ಕೆ ಮುಂಚಿನ ವಿಳಾಸಗಳು.

ಮೇಲಂತಸ್ತಿನಿಂದ ಕಾಣುವುದು ಕಲ್ಲುಗಳಷ್ಟೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಒಮ್ಮೆ ಸಿಗ್ನಲ್ ಬಿದ್ದು ನಮ್ಮ ಬಸ್ಸು ಒಂದು ಮನೆಯ ಮಹಡಿಗೆ ಅಂಟಿಕೊಂಡಂತೆ ನಿಂತಿತು. ಕೈ ಚಾಚಿದರೆ ಕಿಟಕಿ ಸಿಗುವಷ್ಟು ಹತ್ತಿರ. ಒಳಗೆ ಬನಿಯನ್ ತೊಟ್ಟ ಒಬ್ಬಾತ ಕನ್ನಡಿಯೆದುರು ನಿಂತು ಗಡ್ಡ ಹೆರೆದುಕೊಳ್ಳುತ್ತಿದ್ದ. ಒಂದು ಕೆನ್ನೆ ನುಣುಪು, ಇನ್ನೊಂದು ಕೆನ್ನೆಯ ತುಂಬ ನೊರೆ. ಗೈಡು ಆ ಮನೆಯ ಮುಂಗೋಡೆಯ ಕೆತ್ತನೆಯ ಬಗ್ಗೆ ಹೇಳುತ್ತಿದ್ದ. ಕೆತ್ತನೆಯನ್ನು ಒಬ್ಬರೂ ನೋಡಲಿಲ್ಲ. ನಲವತ್ತು ಜೋಡಿ ಕಣ್ಣು ಆ ನೊರೆಯ ಮೇಲೆ. ಆತ ಕನ್ನಡಿಯಲ್ಲೇ ನಮ್ಮನ್ನು ಕಂಡ. ಗಾಬರಿಯಿಲ್ಲ, ಪರದೆ ಎಳೆಯುವ ಆತುರವೂ ಇಲ್ಲ. ದಿನಾ ಈ ಹೊತ್ತಿಗೆ ಬರುವವರು ಬಂದರು ಎಂಬಂತೆ ರೇಜರನ್ನು ಹಣೆಗೆ ಮುಟ್ಟಿಸಿ ಒಂದು ಸಲಾಮು ಹೊಡೆದು ಇನ್ನೊಂದು ಕೆನ್ನೆಗೆ ತೊಡಗಿದ. ಬಸ್ಸಿಡೀ ಚಪ್ಪಾಳೆ ತಟ್ಟಿತು. ಅಂದಿನ ಟೂರಿನಲ್ಲಿ ಚಪ್ಪಾಳೆ ಸಿಕ್ಕಿದ್ದು ಅವನೊಬ್ಬನಿಗೇ.

ನಾವು ನೋಡಲು ಹೋಗುವುದು ಜನ ಬದುಕುತ್ತಿರುವ ಕೇರಿಯನ್ನು. ಅಲ್ಲಿನವರು ನೋಡುವವರಿಗಾಗಿ ಬದುಕತೊಡಗಿದರೆ ಆಟ ಕೆಡುತ್ತದೆ. ನ್ಯೂಯಾರ್ಕಿನ ಚೈನಾಟೌನ್‌ನಲ್ಲಿ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಇದು ನಡೆದಿತ್ತು. ಚಕ್ ಕಾನರ್ಸ್ ಎಂಬ ಗೈಡು ಹೊರಗಿನ ಜನರನ್ನು ಕರೆತಂದು ಅಫೀಮಿನ ಅಡ್ಡೆ ತೋರಿಸುತ್ತಿದ್ದ. ಅಡ್ಡೆ ಸುಳ್ಳು, ಒಳಗೆ ಅಮಲೇರಿ ಬಿದ್ದವರು ಕೂಲಿ ಪಡೆದ ನಟರು. ನೋಡಲು ಬಂದವರು ಹೆದರಿ, ಹೆದರಿದ್ದಕ್ಕೆ ಖುಷಿಪಟ್ಟು, ದುಡ್ಡು ಕೊಟ್ಟು ಹೋಗುತ್ತಿದ್ದರು. ಅಲ್ಲಿ ಅಂಗಡಿ ಇಟ್ಟುಕೊಂಡು ಮರ್ಯಾದೆಯಿಂದ ಬಾಳುತ್ತಿದ್ದ ಚೀನೀಯರಿಗೆ ಉಳಿದದ್ದು ಕೆಟ್ಟ ಹೆಸರು.

ಈಗ ಕೇರಿಗಳು ತಿರುಗಿ ಬಿದ್ದಿವೆ. ವೆನಿಸ್‌ಗೆ ಬಸ್ಸಿನ ಕಾಟ ಮೊದಲೇ ಇರಲಿಲ್ಲ, ಬಸ್ಸುಗಳೆಲ್ಲ ಊರಂಚಿನ ಪಿಯಾತ್ಸಾಲೆ ರೋಮಾದಲ್ಲೇ ನಿಲ್ಲಬೇಕು. ಅದೂ ಸಾಲದೆಂದು 2024ರಲ್ಲಿ ಗೈಡಿನ ಹಿಂದೆ 25ಕ್ಕಿಂತ ಹೆಚ್ಚು ಜನ ಹೋಗಬಾರದು, ಧ್ವನಿವರ್ಧಕ ಬಳಸಬಾರದು ಎಂದು ಕಾನೂನು ಬಂತು. ಮೈಕಿಲ್ಲದ ಗೈಡಿನ ಸಂಕಟ ಊಹಿಸಿಕೊಳ್ಳಿ. ಅದೇ ವರ್ಷ ಆಮ್‌ಸ್ಟರ್‌ಡ್ಯಾಮ್ ತನ್ನ ಒಳಪೇಟೆಗೆ ಭಾರೀ ಬಸ್ಸುಗಳು ಬರದಂತೆ ಮಾಡಿತು. ಎಲ್ಲಕ್ಕಿಂತ ಜಾಣತನ ತೋರಿದ್ದು ಬಾರ್ಸಿಲೋನಾ. ಗೌಡಿ ಎಂಬ ವಾಸ್ತುಶಿಲ್ಪಿ ಕಟ್ಟಿದ ಪಾರ್ಕ್ ಗ್ವೆಲ್ ಎಂಬ ಉದ್ಯಾನ ಇರುವ ಗುಡ್ಡದ ಕೇರಿಯಲ್ಲಿ 116 ನಂಬರಿನ ಒಂದು ಪುಟ್ಟ ಬಸ್ಸು ಓಡುತ್ತದೆ. ಅದು ಟೂರ್ ಬಸ್ಸೇನಲ್ಲ, ಅಲ್ಲಿನವರು ಮನೆಗೆ ಹತ್ತಿ ಹೋಗುವ ಬಸ್ಸು. ಫೋನಿನ ನಕ್ಷೆ ದಾರಿ ತೋರಿಸಿದ್ದರಿಂದ ಪ್ರವಾಸಿಗಳೇ ತುಂಬಿಕೊಂಡು, ಚೀಲ ಹಿಡಿದ ಮುದುಕರಿಗೆ ಕಾಲಿಡಲು ಜಾಗವಿಲ್ಲದಾಯಿತು. ಅಲ್ಲಿನವರ ದೂರಿನ ಮೇಲೆ ಆ ಬಸ್ಸನ್ನು ಗೂಗಲ್ ನಕ್ಷೆಯಿಂದಲೇ ತೆಗೆಸಿದರು. ಬಸ್ಸು ಎಂದಿನಂತೆ ಓಡುತ್ತಿತ್ತು, ಪರವೂರಿನವರಿಗೆ ಮಾತ್ರ ಮಾಯ. ದಾಸಯ್ಯನ ಪವಾಡವೂ ಇಷ್ಟು ಸುಲಭವಾಗಿ ನಡೆದಿರಲಾರದು.

ಅದೇ ಊರು ಪ್ರವಾಸಿಗಳಿಗೆ ಬಾಡಿಗೆಗೆ ಕೊಡುವ 10,101 ಮನೆಗಳ ಪರವಾನಗಿಯನ್ನು 2028ರ ನವೆಂಬರಿಗೆ ಕೊನೆಗೊಳಿಸುತ್ತೇನೆಂದು ಹೇಳಿದೆ. ಹಳೇ ಪೇಟೆಯ ಮನೆಗಳೆಲ್ಲ ನೋಡಲು ಬಂದವರು ಮಲಗುವ ಜಾಗವಾದರೆ, ನೋಡಿಸಿಕೊಳ್ಳುವವರು ಎಲ್ಲಿರಬೇಕು? ಇದು ನನಗೆ ಹೊಳೆದದ್ದು ಒಂದು ಟೂರಿನ ಕೊನೆಯಲ್ಲಿ. ಗೈಡಮ್ಮ ಐವತ್ತು ದಾಟಿದವರು. ಮೂರು ಗಂಟೆ ಒಂದೇ ಸಮನೆ ಮಾತಾಡಿಯೂ ಗಂಟಲು ಕಟ್ಟಿರಲಿಲ್ಲ. ಪ್ರಶ್ನೆಗಳಿದ್ದರೆ ಕೇಳಿ ಎಂದರು. ಶೌಚಾಲಯ ಎಲ್ಲಿದೆ ಎಂಬುದು ಒಂದು ಪ್ರಶ್ನೆ. ಅಗ್ಗದ ಅಂಗಡಿ ಎಲ್ಲಿದೆ ಎಂಬುದು ಇನ್ನೊಂದು. ಎಲ್ಲರೂ ಇಳಿದ ಮೇಲೆ ನಾನು ಕೇಳಿದೆ:

"ಈ ಕೇರಿಯ ಒಂದೊಂದು ಕಲ್ಲಿನ ಕತೆಯೂ ನಿಮಗೆ ಗೊತ್ತು. ನಿಮ್ಮ ಮನೆ ಇಲ್ಲೇ ಎಲ್ಲೋ ಇರಬೇಕಲ್ಲ?"

"ಇಲ್ಲೇನಾ? ಇಲ್ಲಿಯ ಬಾಡಿಗೆ ನನ್ನಿಂದ ಎಲ್ಲಾಗುತ್ತೆ ಸರ್!" ಎಂದು ನಕ್ಕರು. ಊರಾಚೆ, ಮಾಮೂಲಿ ಬಸ್ಸಿನ ಕೊನೇ ಸ್ಟಾಪಿನ ಹತ್ತಿರ ಅಪಾರ್ಟ್‌ಮೆಂಟಿನಲ್ಲಿ ಅವರ ಮನೆ.

"ಅಲ್ಲಿ ನೋಡೋದಕ್ಕೆ ಏನಿದೆ?" ಎಂದೆ.

"ಏನೂ ಇಲ್ಲ ಸರ್. ಅದಕ್ಕೇ ಬಟ್ಟೆ ಒಣಗಿಹಾಕಿದರೆ ಯಾರೂ ಫೋಟೋ ತೆಗೆಯಲ್ಲ" ಎಂದು ಮೈಕಿನ ವೈರು ಸುತ್ತತೊಡಗಿದರು. ಮುಂದಿನ ಟ್ರಿಪ್ಪಿನವರು ಆಗಲೇ ಕೆಳಗೆ ಸಾಲು ನಿಂತು, ತಲೆ ಎತ್ತಿ ಸೂರ್ಯನನ್ನು ನೋಡುತ್ತಾ ಯಾವ ಕಡೆ ಕೂರುವುದೆಂದು ವಾದ ಮಾಡುತ್ತಿದ್ದರು. ಆಕೆ ಕಿಟಕಿಯಿಂದ ಬಗ್ಗಿ, "ಎರಡೂ ಕಡೆ ಬಿಸಿಲು ಬರುತ್ತೆ, ಸುಮ್ಮನೆ ಹತ್ತಿ" ಎಂದು ಕೂಗಿದರು.