ಸಾಲವಿಲ್ಲದ ಬಂಡವಾಳ ಎಲ್ಲಿಂದ ಬರಬೇಕು?

ನಮ್ಮ ಕ್ರೈಸ್ತ ಸಭೆಗಳಲ್ಲಿ ಸಾಲದ ವಿರುದ್ಧದ ಪ್ರಸಂಗಗಳು ಈಚೆಗೆ ಹೆಚ್ಚಾಗಿವೆ, ಅದಕ್ಕೆ ತಕ್ಕ ಕಾರಣವೂ ಇದೆ. ವಾರದ ಕಂತು, ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ ಐದೋ ಹತ್ತೋ ರೂಪಾಯಿ ಬಡ್ಡಿ, ಬಾಗಿಲಿಗೆ ಬಂದು ನಿಲ್ಲುವ ವಸೂಲಿಯವರು ಬೀದರ್ ಜಿಲ್ಲೆಯ ಜನರಿಗೆ ಹೊಸಬರಲ್ಲ. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು ಶಿಕ್ಷೆ ವಿಧಿಸುವ ಸುಗ್ರೀವಾಜ್ಞೆಯನ್ನು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ತರಬೇಕಾಯಿತು. ಆದರೆ ಪ್ರಸಂಗವು "ಸಾಲ ಮಾಡಬೇಡಿ" ಎಂಬಲ್ಲಿಗೇ ನಿಂತುಬಿಡುತ್ತದೆ. ಹೊಲವಿಲ್ಲದ, ಒತ್ತೆಯಿಡಲು ಬಂಗಾರವಿಲ್ಲದ ಯುವಕನೊಬ್ಬ ಗ್ಯಾರೇಜ್ ತೆರೆಯಬೇಕೆಂದರೆ ಬಂಡವಾಳ ಎಲ್ಲಿಂದ ತರಬೇಕು ಎಂಬುದಕ್ಕೆ ಸಭೆಯ ಬಳಿ ಉತ್ತರವಿಲ್ಲದಿದ್ದರೆ, ನಮ್ಮ ಬೋಧನೆ ಅರ್ಧಕ್ಕೇ ನಿಂತಿದೆ ಎಂದೇ ನಾನು ಹೇಳುತ್ತೇನೆ.

ಸತ್ಯವೇದವು, ಅಂದರೆ ಬೈಬಲ್, ಸಾಲವನ್ನು ಪಾಪವೆಂದು ಕರೆದಿಲ್ಲ. ಸಾಲ ಮಾಡಿದವನು ಕೊಟ್ಟವನಿಗೆ ಸೇವಕನಾಗುತ್ತಾನೆ ಎಂದು ಜ್ಞಾನೋಕ್ತಿಗಳು 22:7 ಹೇಳುವುದು ಲೋಕದಲ್ಲಿ ನಡೆಯುವುದನ್ನು ಕಂಡು ಹೇಳಿದ ಮಾತು. ಧರ್ಮೋಪದೇಶಕಾಂಡದ 15ನೆಯ ಅಧ್ಯಾಯವಾದರೋ ಬಡ ಸಹೋದರನಿಗೆ ಕೈ ಬಿಗಿಹಿಡಿಯದೆ ಬೇಕಾದಷ್ಟು ಸಾಲ ಕೊಡು ಎಂದು ಆಜ್ಞಾಪಿಸುತ್ತದೆ, ಏಳನೆಯ ವರ್ಷದಲ್ಲಿ ಅದನ್ನು ಬಿಟ್ಟುಬಿಡಬೇಕೆಂದೂ ವಿಧಿಸುತ್ತದೆ. ನೆಹೆಮೀಯನ 5ನೆಯ ಅಧ್ಯಾಯ ನನ್ನನ್ನು ಹೆಚ್ಚು ಕಾಡುತ್ತದೆ. ಬರಗಾಲದಲ್ಲಿ ಹೊಲ, ದ್ರಾಕ್ಷಿತೋಟ, ಮನೆಗಳನ್ನು ಒತ್ತೆಯಿಟ್ಟು ಕಡೆಗೆ ಮಕ್ಕಳನ್ನೂ ಜೀತಕ್ಕೆ ಬಿಟ್ಟ ಜನ ಬಂದು ಗೋಳಾಡಿದಾಗ, ಯೆಹೂದದ ದೇಶಾಧಿಪತಿಯಾಗಿದ್ದ ನೆಹೆಮೀಯನು ಸಾಲಗಾರರಿಗೆ ಬುದ್ಧಿವಾದ ಹೇಳಲಿಲ್ಲ. ಅವನು ಕೂಡಿಸಿದ್ದು ಸಾಲ ಕೊಟ್ಟಿದ್ದ ಶ್ರೀಮಂತರನ್ನು ಮತ್ತು ಅಧಿಕಾರಿಗಳನ್ನು. ಹೊಲಗಳನ್ನೂ ವಸೂಲು ಮಾಡಿದ ಬಡ್ಡಿಯನ್ನೂ ಅಂದೇ ಹಿಂದಿರುಗಿಸಿರಿ ಎಂದು ಕೇಳಿದ್ದೂ ಅವರನ್ನೇ. ಪ್ರಶ್ನೆ ಮೊದಲು ಹಣವುಳ್ಳವರ ಮುಂದೆ ಹೋಯಿತು. ನಮ್ಮ ಪ್ರಸಂಗಗಳಲ್ಲಿ ಅದು ಇಲ್ಲದವರ ಮುಂದೆ ಹೋಗುತ್ತಿದೆ.

ಸಾಲವಿಲ್ಲದೆ ಉದ್ಯೋಗ ಕಟ್ಟಬಹುದು, ಆದರೆ ಎಲ್ಲ ಉದ್ಯೋಗವನ್ನೂ ಅಲ್ಲ. ಹೊಲಿಗೆ, ಅಡುಗೆ ಕಂಟ್ರಾಕ್ಟ್, ಬೈಕ್ ದುರಸ್ತಿ ಮುಂತಾದವು ಬಂದ ಲಾಭವನ್ನು ಮತ್ತೆ ಅದರಲ್ಲೇ ಹಾಕಿ ಬೆಳೆಸಬಹುದಾದ ಕೆಲಸಗಳು. ಬೇಳೆ ಮಿಲ್ಲು ಹಾಗಲ್ಲ. ತೊಗರಿಯ ರಾಶಿಯಾಗಿ ಮಾರುಕಟ್ಟೆಗೆ ಮಾಲು ಬರುವ ಕೆಲವೇ ತಿಂಗಳಲ್ಲಿ ವರ್ಷಕ್ಕಾಗುವಷ್ಟು ಖರೀದಿಸಿ ಇಡಬೇಕು, ಅಷ್ಟು ಹಣ ಯಾರ ಉಳಿತಾಯದಲ್ಲೂ ಇರುವುದಿಲ್ಲ. ಅಂಥ ಕಡೆ ಸಣ್ಣ ಯಂತ್ರವೊಂದನ್ನು ಹಾಕಿಕೊಂಡು, ರೈತರು ತಂದ ತೊಗರಿಯನ್ನು ಕೂಲಿಗೆ ಬೇಳೆ ಮಾಡಿಕೊಡುವುದರಿಂದ ಆರಂಭಿಸುವುದು ವಿವೇಕ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚನ್ನು ಲೆಕ್ಕ ಮಾಡುವುದಿಲ್ಲವೇ ಎಂದು ಲೂಕ 14ರಲ್ಲಿ ಯೇಸುಸ್ವಾಮಿ ಕೇಳಿದ್ದು ಶಿಷ್ಯತ್ವದ ಬೆಲೆಯ ಬಗ್ಗೆ. ಆದರೂ ಆ ಲೆಕ್ಕದ ಶಿಸ್ತು ಅಂಗಡಿಗೂ ಸಲ್ಲುತ್ತದೆ.

ಇನ್ನೊಂದು ವಿಷಯವನ್ನು ನಾವು ಸಾಕಷ್ಟು ಪ್ರಾಮಾಣಿಕವಾಗಿ ನೋಡುತ್ತಿಲ್ಲ. ಬ್ಯಾಂಕಿನ ಮೆಟ್ಟಿಲು ಹತ್ತದ ಮಾತ್ರಕ್ಕೆ ವ್ಯಾಪಾರ ಸಾಲಮುಕ್ತವಾಗುವುದಿಲ್ಲ. ಹೋಲ್‌ಸೇಲ್ ಅಂಗಡಿಯಿಂದ ಉದ್ರಿ ಮಾಲು ತಂದು ಎರಡು ತಿಂಗಳು ಹಣ ಕೊಡದಿರುವುದು ಸಾಲವೇ. ಗಿರಾಕಿಯಿಂದ ಮುಂಗಡ ಪಡೆದು ಹೇಳಿದ ದಿನಕ್ಕೆ ಕೆಲಸ ಒಪ್ಪಿಸದಿರುವುದೂ ಸಾಲವೇ. ಚೀಟಿಯಲ್ಲಿ ಮೊದಲು ಎತ್ತಿದವನ ಪಾಲಿಗೆ ಅದು ಸಾಲ, ಕೊನೆಗೆ ಎತ್ತಿದವನ ಪಾಲಿಗೆ ಉಳಿತಾಯ. ಎಲ್ಲಕ್ಕಿಂತ ಕೆಟ್ಟದ್ದು ಕೆಲಸದಾಳಿನ ಪಗಾರ ತಡೆಹಿಡಿದು ವ್ಯಾಪಾರ ನಡೆಸುವುದು, ಏಕೆಂದರೆ ಅಲ್ಲಿ ಸಾಲ ಕೊಡುತ್ತಿರುವವನನ್ನು ಕೊಡುತ್ತೀಯಾ ಎಂದು ಯಾರೂ ಕೇಳಿರುವುದಿಲ್ಲ. ಕೂಲಿಯವನ ಕೂಲಿ ಬೆಳಗಿನವರೆಗೆ ನಿನ್ನ ಬಳಿ ಇರಬಾರದು ಎಂದು ಯಾಜಕಕಾಂಡ 19:13 ಹೇಳುತ್ತದೆ. ಹಿಡಿದಿಟ್ಟ ಕೂಲಿ ಕೂಗುತ್ತದೆ ಎಂದು ಯಾಕೋಬನು ಬರೆಯುತ್ತಾನೆ. "ದೇವರ ಕೃಪೆಯಿಂದ ನನ್ನ ವ್ಯಾಪಾರಕ್ಕೆ ಒಂದು ಪೈಸೆ ಸಾಲವಿಲ್ಲ" ಎಂದು ಸಾಕ್ಷಿ ಹೇಳುವ ಮುನ್ನ ಪಗಾರದ ಪುಸ್ತಕ ತೆಗೆದು ನೋಡುವುದು ಒಳ್ಳೆಯದು.

ಸಾಲಕ್ಕೆ ಬದಲು ನಮಗೆ ಬೇಕಾಗಿರುವುದು ಪಾಲುದಾರಿಕೆ. ಸಾಲ ಕೊಟ್ಟವನಿಗೆ ಅಂಗಡಿ ಮುಳುಗಿದರೂ ಕಂತು ಬರಬೇಕು. ಪಾಲು ಹಾಕಿದವನು ಲಾಭದಂತೆ ನಷ್ಟವನ್ನೂ ಹೊರುತ್ತಾನೆ. ಒಬ್ಬರ ಭಾರವನ್ನೊಬ್ಬರು ಹೊತ್ತುಕೊಳ್ಳಿರಿ ಎಂಬ ಮಾತನ್ನು ಹಣದ ವಿಷಯದಲ್ಲಿ ನಡೆಸಿ ತೋರಿಸಲು ಇದಕ್ಕಿಂತ ನೇರವಾದ ದಾರಿ ನನಗೆ ಕಾಣುವುದಿಲ್ಲ. ಇದು ಕ್ರೈಸ್ತ ಸಭೆಗೆ ಅಪರಿಚಿತವೂ ಅಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯುವ ಮೊದಲೇ, 1859ರಲ್ಲಿ, ವ್ಯಾಪಾರಕ್ಕೆಂದು ಷೇರು ಬಂಡವಾಳದ ಪ್ರತ್ಯೇಕ ಕಂಪನಿಯೊಂದು ಬಾಸೆಲ್‌ನಲ್ಲಿ ಹುಟ್ಟಿತ್ತು. ಕಾಣಿಕೆಯ ಹಣ ಬೇರೆ, ವ್ಯಾಪಾರದ ಬಂಡವಾಳ ಬೇರೆ ಎಂಬ ಆ ವಿವೇಕ ಇಂದಿಗೂ ಬೇಕು; ಆದಾಯದ ಹತ್ತನೆಯ ಪಾಲಾಗಿ ಸಭೆಗೆ ಕೊಡುವ ದಶಮಾಂಶದ ಪೆಟ್ಟಿಗೆಯನ್ನು ಯಾರ ಅಂಗಡಿಗೂ ತೆರೆಯಕೂಡದು.

ಕಾನೂನನ್ನೂ ತಿಳಿದಿರಬೇಕು. ಇಂತಿಷ್ಟು ಲಾಭ ಕೊಡುತ್ತೇವೆಂದು ಮಾತು ಕೊಟ್ಟು ಜನರಿಂದ ಠೇವಣಿ ಸಂಗ್ರಹಿಸುವುದು ಅನಿಯಂತ್ರಿತ ಠೇವಣಿಗಳನ್ನು ನಿಷೇಧಿಸಿದ 2019ರ ಕಾಯ್ದೆಯಡಿ ಅಪರಾಧವಾಗಬಹುದು. ಪಾಲುದಾರರು ತಮ್ಮ ಸಂಸ್ಥೆಗೆ ಹಾಕುವ ಬಂಡವಾಳ ಆ ಕಾಯ್ದೆಯ ಠೇವಣಿಯಲ್ಲ. 1932ರ ಪಾಲುದಾರಿಕೆ ಕಾಯ್ದೆಯಂತೆ ಕರಾರಿನಲ್ಲಿ ಬೇರೆ ಬರೆಯದಿದ್ದರೆ ಲಾಭನಷ್ಟಗಳು ಸಮಪಾಲು, ಸಂಸ್ಥೆಯ ಬಾಕಿಗೆ ಪ್ರತಿಯೊಬ್ಬ ಪಾಲುದಾರನ ಸ್ವಂತ ಆಸ್ತಿಯೂ ಹೊಣೆ. ಆ ಭಯವಿರುವವರಿಗೆ 2008ರ ಕಾಯ್ದೆಯ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ, ಅಂದರೆ ಎಲ್‌ಎಲ್‌ಪಿ, ಇದೆ. ಅಲ್ಲಿ ಹೊಣೆ ಸಾಮಾನ್ಯವಾಗಿ ಹಾಕಿದ ಹಣಕ್ಕೆ ಮಾತ್ರ.

ಬೀದರ್, ಭಾಲ್ಕಿ, ಹುಮನಾಬಾದ್ ಕಡೆಯ ನಮ್ಮ ಸಭೆಗಳಲ್ಲಿ ನಿವೃತ್ತ ಶಿಕ್ಷಕರಿದ್ದಾರೆ, ದಾದಿಯರಿದ್ದಾರೆ, ಸರ್ಕಾರಿ ನೌಕರರಿದ್ದಾರೆ. ನಿವೃತ್ತಿಯ ಹಣವನ್ನೆಲ್ಲ ಹಾಕಿರೆಂದು ನಾನು ಕೇಳುತ್ತಿಲ್ಲ, ಹಾಗೆ ಕೇಳುವುದು ತಪ್ಪಾಗುತ್ತದೆ. ಹೋದರೂ ಮನೆ ನಡೆಯುವಷ್ಟು ಸಣ್ಣ ಮೊತ್ತವನ್ನು, ಕೆಲಸ ಬಲ್ಲ ಒಬ್ಬ ಹುಡುಗ ಅಥವಾ ಹುಡುಗಿಯ ಉದ್ಯೋಗದಲ್ಲಿ, ಬರೆದ ಕರಾರಿನ ಮೇಲೆ, ಮೂರು ತಿಂಗಳಿಗೊಮ್ಮೆ ಲೆಕ್ಕ ನೋಡುವ ಷರತ್ತಿನೊಡನೆ ಪಾಲಾಗಿ ಹಾಕಿರಿ. ನಿಮ್ಮ ಸಭೆಯಲ್ಲಿ ಯಾರಾದರೂ ಇದನ್ನು ಈಗಾಗಲೇ ಮಾಡಿದ್ದರೆ, ಕರಾರು ಹೇಗೆ ಬರೆದಿರಿ, ನಷ್ಟ ಬಂದ ವರ್ಷ ಹೇಗೆ ಹಂಚಿಕೊಂಡಿರಿ ಎಂಬುದನ್ನು ದಯವಿಟ್ಟು ತಿಳಿಸಿರಿ. ನಮ್ಮ ಹಿರಿಯರ ಮುಂದೆ ಇಡಲು ನನಗೆ ಅದು ಬೇಕಾಗಿದೆ.