ಸ್ಪಷ್ಟನೆ: ಆ್ಯಪ್‌ಗಳನ್ನು ಪದೇ ಪದೇ ಮುಚ್ಚಿದರೆ ಬ್ಯಾಟರಿ ಉಳಿಯುವುದಿಲ್ಲ

"ಫೋನ್ ಬಳಸಿದ ಮೇಲೆ ಆ್ಯಪ್‌ಗಳನ್ನೆಲ್ಲ ಸ್ವೈಪ್ ಮಾಡಿ ತೆಗೆಯಿರಿ, ಚಾರ್ಜ್ ದುಪ್ಪಟ್ಟು ಹೊತ್ತು ಬರುತ್ತದೆ" ಎಂಬ ಮೆಸೇಜ್ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ.

ಸ್ವೈಪ್ ಮಾಡುವಾಗ ಕಾಣುವ, ಇತ್ತೀಚೆಗೆ ತೆರೆದ ಆ್ಯಪ್‌ಗಳ ಪಟ್ಟಿಯಲ್ಲಿ ಇರುವುದೆಲ್ಲ ಕೆಲಸ ಮಾಡುತ್ತಿರುತ್ತದೆ ಎಂದೇನಿಲ್ಲ. ಹಾಡು, ಮ್ಯಾಪ್‌ನಂಥವನ್ನು ಬಿಟ್ಟರೆ ಹೆಚ್ಚಿನವು ಮೆಮೊರಿಯಲ್ಲಿ ಸುಮ್ನೆ ಕೂತಿರುತ್ತವೆ. ಜಾಗ ಬೇಕಾದಾಗ ಫೋನೇ ಅವನ್ನು ಹೊರಹಾಕುತ್ತದೆ. ನೀವು ಮುಚ್ಚಿದರೆ ಮುಂದಿನ ಸಲ ಆ್ಯಪ್ ಮೊದಲಿಂದ ಶುರುವಾಗಬೇಕು. ಅದಕ್ಕೇ ಜಾಸ್ತಿ ಚಾರ್ಜ್ ಬೇಕು! ಬ್ಯಾಟರಿಗಾಗಿ ಹೀಗೆ ಮುಚ್ಚಬೇಕಿಲ್ಲ ಎಂದು ಆ್ಯಪಲ್‌ನ ಸಾಫ್ಟ್‌ವೇರ್ ಮುಖ್ಯಸ್ಥ ಕ್ರೇಗ್ ಫೆಡರಿಗಿ 2016ರಲ್ಲೇ ಗ್ರಾಹಕರೊಬ್ಬರ ಇಮೇಲ್‌ಗೆ ಉತ್ತರಿಸಿದ್ದರು. ಆಗ ಆಂಡ್ರಾಯ್ಡ್ ನೋಡಿಕೊಳ್ಳುತ್ತಿದ್ದ ಹಿರೋಷಿ ಲಾಕ್‌ಹೈಮರ್ ಕೂಡ ಅದನ್ನೇ ಹೇಳಿದರು.

ಆ್ಯಪ್ ಹ್ಯಾಂಗ್ ಆಗಿದ್ದರೆ ಮುಚ್ಚಿ, ತಪ್ಪೇನಿಲ್ಲ.

ಚಾರ್ಜ್ ತಿನ್ನುವುದು ಮುಖ್ಯವಾಗಿ ಸ್ಕ್ರೀನ್ ಬೆಳಕು, ಸಿಗ್ನಲ್ ಸಿಗದ ಕಡೆ ಟವರ್‌ಗಾಗಿ ಹುಡುಕಾಟ, ಸದಾ ಆನ್ ಇರುವ ಲೊಕೇಶನ್. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಒತ್ತಿ ನೋಡಿ, ಯಾವ ಆ್ಯಪ್ ಎಷ್ಟು ಶೇಕಡಾ ತಿಂದಿದೆ ಎಂದು ಪಟ್ಟಿಯೇ ಇರುತ್ತದೆ. ನೀವು ತೆರೆಯದ ಆ್ಯಪ್ ಅಲ್ಲಿ ಮೇಲೆ ಕಂಡರೆ ಅದರ ಬ್ಯಾಕ್‌ಗ್ರೌಂಡ್ ಬಳಕೆ ನಿಲ್ಲಿಸಿ. ಕೆಲಸ ಆಗುವುದು ಇದರಿಂದ.

ಆ ಮೆಸೇಜ್ ನಿಮಗೂ ಬಂದಿರಬಹುದು, ಅಲ್ವಾ? ದಯವಿಟ್ಟು ಫಾರ್ವರ್ಡ್ ಮಾಡಬೇಡಿ.